ಶ್ರೀರಂಗಪಟ್ಟಣದ ಒಡಕು ಮೇಜಿನ ಮೇಲೆ: 1799ರ ಮೇ 4ರ ಆಟ ಕಟ್ಟಿದ ಬಗೆ

ಮುತ್ತಿಗೆಯನ್ನು ಪುಟ್ಟ ಗೊಂಬೆಗಳ ಯುದ್ಧದಾಟವಾಗಿಸಿ ಗೇಮಿಂಗ್ ಮೇಳಕ್ಕೆ ಒಯ್ಯುವಾಗ ಮೊದಲು ಅಡ್ಡ ಬರುವುದು ಕಾಲ. ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಸೈನ್ಯ 1799ರ ಏಪ್ರಿಲ್ ಮೊದಲ ವಾರದಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟಿತು; ಕೋಟೆ ಬಿದ್ದದ್ದು ಮೇ 4ರ ಮಧ್ಯಾಹ್ನ. ತಿಂಗಳಿಡೀ ನಡೆದದ್ದು ಮಣ್ಣು ತೋಡುವ ಕೆಲಸ, ಫಿರಂಗಿ ಸಾಗಿಸುವ ಕೆಲಸ, ಅಕ್ಕಿ ಲೆಕ್ಕ ಹಾಕುವ ಕೆಲಸ. ಮೇಳದಲ್ಲಿ ಒಂದು ಮೇಜಿಗೆ ಸಿಗುವುದು ನಾಲ್ಕು ಗಂಟೆ. ಮೇಜು ಹೂಡಲು, ನಿಯಮ ಹೇಳಲು, ಮತ್ತೆ ಬಿಚ್ಚಿ ಕಟ್ಟಲು ಒಂದೂವರೆ ಗಂಟೆ ಕಳೆದರೆ ಆಟಕ್ಕೆ ಉಳಿಯುವುದು ಎರಡೂವರೆ ಗಂಟೆ. ಹಾಗಾಗಿ ಈ ಮೇಜಿನ ಮೇಲೆ ಇರುವುದು ಕೊನೆಯ ದಿನದ ಲಗ್ಗೆ ಮಾತ್ರ.

ಎರಡನೆಯ ನಿರ್ಧಾರ ಇದಕ್ಕಿಂತ ಮುಖ್ಯವಾದದ್ದು. ಮುತ್ತಿಗೆ ಆಟ ಕಟ್ಟುವವರು ಸಾಮಾನ್ಯವಾಗಿ ಹೊರಗೋಡೆಗೆ, ಅದರಲ್ಲಿ ಬಿದ್ದ ಒಡಕಿಗೆ ಎಲ್ಲ ಶ್ರಮ ಸುರಿಯುತ್ತಾರೆ. ಶ್ರೀರಂಗಪಟ್ಟಣದಲ್ಲಿ ಒಡಕಿನ ತುದಿಗೆ ಬಾವುಟ ಏರಲು ಹಿಡಿದದ್ದು ಸುಮಾರು ಏಳು ನಿಮಿಷ. ನಿಜವಾದ ಕಷ್ಟ ಅದರಾಚೆಗಿತ್ತು. ಹೊರಗೋಡೆ ಹತ್ತಿ ನಿಂತವರ ಮುಂದೆ ಇನ್ನೊಂದು ಆಳವಾದ ಕಂದಕ, ಅದರ ಹಿಂದೆ ಇನ್ನೊಂದು ಗೋಡೆ. ಆಟ ಇರುವುದು ಆ ಎರಡು ಗೋಡೆಗಳ ನಡುವೆ. ಅಳತೆ, ಫೋಮ್, ನಿಯಮ ಎಲ್ಲವನ್ನೂ ಈ ಒಳಕಂದಕದಿಂದ ಆರಂಭಿಸಿ ಹೊರಕ್ಕೆ ಲೆಕ್ಕ ಹಾಕಿದ್ದೇವೆ.

ಅಳತೆ

ಗೊಂಬೆಗಳು 15 ಎಂ.ಎಂ. ಎತ್ತರದವು. 28 ಎಂ.ಎಂ. ಗೊಂಬೆ ನೋಡಲು ಚೆಂದ, ಆದರೆ ಕಾವೇರಿಯ ಅಗಲವೇ ಮೇಜು ದಾಟಿ ಹೋಗುತ್ತದೆ. 6 ಎಂ.ಎಂ. ಆದರೆ ಮೊದಲ ಸಲ ಬಂದವರಿಗೆ ಯಾರು ಯಾರೆಂದು ಕಾಣುವುದಿಲ್ಲ.

ನೆಲದ ಅಳತೆ: ಮೇಜಿನ 25 ಎಂ.ಎಂ. ಅಂದರೆ ನಿಜದ 15 ಗಜ. ಲಗ್ಗೆಯ ಜಾಗದಲ್ಲಿ ನದಿಪಾತ್ರ ಸುಮಾರು 280 ಗಜ. ಮೇಜಿನಲ್ಲಿ 470 ಎಂ.ಎಂ. ಟ್ರೆಂಚಿನಿಂದ ನದಿಯ ದಡಕ್ಕೆ ಸುಮಾರು 100 ಗಜ; ಅದು 167 ಎಂ.ಎಂ. ಆಗಬೇಕು, ಫೋಮ್ ಹಾಳೆಯ ಲೆಕ್ಕಕ್ಕೆ 145ಕ್ಕೆ ಇಳಿಸಿದ್ದೇವೆ. ಕೋಟೆಯ ಬದಿ ದಡಕ್ಕೆ 10 ಎಂ.ಎಂ. ಪಟ್ಟಿ. ಮುಂಭಾಗ ಒಟ್ಟು 625.

ಹಿಂಭಾಗ: ಹೊರಕಂದಕ 75, ಹೊರಗೋಡೆ 100, ಒಳಕಂದಕ 75, ಒಳಗೋಡೆ 100, ಕೋಟೆಯ ಒಳನೆಲ 220. ಒಟ್ಟು 570. ಗೋಡೆ, ಕಂದಕಗಳ ದಪ್ಪ ನೆಲದ ಅಳತೆಗೆ ಹೊಂದುವುದಿಲ್ಲ, ಹೊಂದಿಸಲೂಬಾರದು. ಗೋಡೆಯ ಮೇಲೆ ಗೊಂಬೆಯ ಬೇಸ್ (ಕೆಲವು ಗೊಂಬೆಗಳನ್ನು ಸೇರಿಸಿ ಅಂಟಿಸಿದ ತಳಪಟ್ಟಿ) ನಿಲ್ಲದಿದ್ದರೆ ಆ ಗೋಡೆ ಬರೀ ಅಲಂಕಾರ.

ಮೇಜು 1800 ಎಂ.ಎಂ. ಅಗಲ, 1195 ಆಳ. ಬಾಡಿಗೆಗೆ ಸಿಗುವ ಮಡಚುವ ಮೇಜುಗಳು ಹೆಚ್ಚುಕಡಿಮೆ 1800ಕ್ಕೆ 750 ಇರುತ್ತವೆ. ಎರಡನ್ನು ಜೋಡಿಸಿದರೆ ಎರಡೂ ಬದಿಗೆ 150 ಎಂ.ಎಂ. ಜಾಗ ಉಳಿದು ದಾಳ, ಹಾಳೆ, ನೀರಿನ ಬಾಟಲಿ ಇಡಲು ಅನುಕೂಲ. ಇದಕ್ಕಿಂತ ಆಳ ಬೇಡ. ನಿಂತವರ ಕೈ ಆರಾಮವಾಗಿ ಎಟುಕುವುದು 600 ಎಂ.ಎಂ. ತನಕ, ಅದರಾಚೆ ಬಾಗಿದರೆ ಅಂಗಿಯ ತೋಳು ಗೊಂಬೆಗಳನ್ನು ಉರುಳಿಸುತ್ತದೆ. ಒಳಕಂದಕ ರಕ್ಷಕರ ಅಂಚಿನಿಂದ 320 ಎಂ.ಎಂ. ದೂರದಲ್ಲೇ ಬರುವಂತೆ ನೋಡಿಕೊಂಡದ್ದು ಇದಕ್ಕಾಗಿ.

ಕೋಟೆಯ ಆಕಾರದ ಬಗ್ಗೆ ಒಂದು ಮಾತು. ಒಡಕು ಇದ್ದದ್ದು ಕೋಟೆಯ ವಾಯವ್ಯ ಮೂಲೆಯ ಹತ್ತಿರ. ಏರಿದ ಪಡೆ ಅಲ್ಲಿಂದ ಎರಡಾಗಿ ಸೀಳಿ, ಎಡದವರು ಉತ್ತರದ ಗೋಡೆ ಹಿಡಿದು, ಬಲದವರು ದಕ್ಷಿಣದತ್ತ ಹೋದರು. ಮೂಲೆಯನ್ನು ಹಾಗೆಯೇ ಕಟ್ಟಿದರೆ ಒಂದು ಪಡೆಯ ಆಟ ಮೇಜಿನ ಅಂಚಿಗೆ ಬಡಿದು ನಿಲ್ಲುತ್ತದೆ. ಮೂಲೆಯನ್ನು ಬಿಚ್ಚಿ, ಗೋಡೆಯನ್ನು ಒಂದೇ ಸಾಲಾಗಿ ನೇರ ಮಾಡಿ, ಒಡಕನ್ನು ಸರಿಯಾಗಿ ನಡುವೆ ಇಟ್ಟಿದ್ದೇವೆ. ಪೂರ್ವಕ್ಕೆ ಮುಖ ಮಾಡಿ ನಿಂತ ದಾಳಿಗಾರರಿಗೆ ಎಡಗೈ ಉತ್ತರದ ಗೋಡೆ, ಬಲಗೈ ದಕ್ಷಿಣದ ಗೋಡೆ. ಎರಡೂ ಕಡೆಗೆ 900 ಎಂ.ಎಂ. ಓಟ. ನಕ್ಷೆ ಬಲ್ಲವರು ಆಕ್ಷೇಪಿಸುತ್ತಾರೆ. ಅಂಥವರಿಗಾಗಿ ನಿಜವಾದ ನಕ್ಷೆಯ ಪ್ರತಿಯನ್ನು ಪಕ್ಕದಲ್ಲಿ ತೂಗುಹಾಕಬೇಕು.

ಸಾಮಾನು

ಎಕ್ಸ್‌ಪಿಎಸ್ ಫೋಮ್ ಬೇಕು. ತಾರಸಿಯ ಶಾಖ ತಡೆಯಲು ಹಾಕುವ ಬಣ್ಣದ ಹಾಳೆ ಇದೇ. ಇನ್ಸುಲೇಷನ್ ಸಾಮಗ್ರಿ ಮಾರುವವರ ಬಳಿ ಸಿಗುತ್ತದೆ. ಮದುವೆ ಮಂಟಪಕ್ಕೆ ಬಳಸುವ ಬಿಳಿ ಥರ್ಮೋಕೋಲ್ ಬೇಡ, ಕೊರೆದಲ್ಲೆಲ್ಲ ಮಣಿ ಮಣಿಯಾಗಿ ಉದುರುತ್ತದೆ. ಹಾಳೆ 1250ಕ್ಕೆ 600 ಎಂ.ಎಂ. ಮುಂಭಾಗಕ್ಕೆ 25 ಎಂ.ಎಂ. ದಪ್ಪದ ಎರಡು ಹಾಳೆ: ಒಂದೊಂದರಿಂದ 625ರ ಎರಡು ತುಂಡು ಬಂದು, ಮೂರು ಬಳಕೆಗೆ, ಒಂದು ಪ್ರಯೋಗಕ್ಕೆ. ಹಿಂಭಾಗಕ್ಕೆ 50 ಎಂ.ಎಂ. ದಪ್ಪದ ಎರಡು ಹಾಳೆ. ಗೋಡೆ, ಕೊತ್ತಲಗಳಿಗೆ 50ರದ್ದೇ ಇನ್ನೊಂದು. ಒಟ್ಟು ಐದು.

ಎಲ್ಲ ಆರು ತುಂಡಿನ ಅಡಿಗೆ 6 ಎಂ.ಎಂ. ಪ್ಲೈವುಡ್. 5 ಎಂ.ಎಂ. ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಫಲಕ) ಎರಡು ಹಾಳೆ, ಫೆವಿಕಾಲ್ 2 ಕಿಲೋ, ವಾಲ್ ಪುಟ್ಟಿ 1 ಕಿಲೋ, ಜರಡಿ ಹಿಡಿದ ಎಂ-ಸ್ಯಾಂಡ್ ಮೂರು ಕಿಲೋ, ಮನೆಯ ಹೊರಗೋಡೆಗೆ ಬಳಿಯುವ ಎಮಲ್ಷನ್ ಕಪ್ಪು ಮತ್ತು ಬೂದು ಒಂದೊಂದು ಲೀಟರ್, ನೀರಿನಲ್ಲಿ ಕರಗುವ ಹೊಳಪಿನ ವಾರ್ನಿಷ್ ಅರ್ಧ ಲೀಟರ್, 0.3 ಎಂ.ಎಂ. ಜಿಐ ತಗಡು, ಬಿದಿರು ಕಡ್ಡಿ ಒಂದು ಕಟ್ಟು.

ಅಂಟಿನಲ್ಲಿ ಜಾಗ್ರತೆ ಬೇಕು. ಸೋಫಾ, ಸನ್‌ಮೈಕಾಕ್ಕೆ ಹಚ್ಚುವ ಹಳದಿ ರಬ್ಬರ್ ಅಂಟಿನಲ್ಲಿರುವ ದ್ರಾವಕ ಎಕ್ಸ್‌ಪಿಎಸ್ ಅನ್ನು ತಿಂದು ಗುಳಿ ಮಾಡುತ್ತದೆ. ಬಿಳಿ ಫೆವಿಕಾಲ್ ತಿನ್ನುವುದಿಲ್ಲ, ಆದರೆ ಎರಡು ದೊಡ್ಡ ಫೋಮ್ ಹಾಳೆಗಳ ನಡುವೆ ಬಳಿದರೆ ಗಾಳಿಯಾಡದೆ ವಾರವಾದರೂ ಒಳಗೆ ಹಸಿಯೇ ಇರುತ್ತದೆ. ಅಂಚಿನಿಂದ 30 ಎಂ.ಎಂ. ಒಳಗೆ ಒಂದು ಸುತ್ತು, ನಡುವೆ ರೂಪಾಯಿ ಅಗಲದ ಐದಾರು ಬೊಟ್ಟು, ಬಿದಿರು ಕಡ್ಡಿ ಚುಚ್ಚಿ ಬಿಗಿ, ಮೇಲೆ ಇಟ್ಟಿಗೆ, ಎರಡು ದಿನ. ಅಷ್ಟು ಸಾಕು. ಸ್ಪ್ರೇ ಪೇಂಟ್ ಕೂಡ ಇದೇ ಕಾರಣಕ್ಕೆ ಬರಿ ಫೋಮಿನ ಮೇಲೆ ಬೇಡ.

ಕೊರೆಯಲು 28 ಗೇಜಿನ ನೈಕ್ರೋಮ್ ತಂತಿ 20 ಸೆಂ.ಮೀ., 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್. 12 ವೋಲ್ಟ್ ಕೊಟ್ಟರೆ ತಂತಿ ಕೆಂಪಾಗಿ ಫೋಮ್ ಹೊಗೆಯಾಡುತ್ತದೆ. ಹೊಗೆ ಕಾಣದಂತೆ ಮೆಲ್ಲನೆ ಜಾರುವಷ್ಟು ಬಿಸಿಯೇ ಸರಿಯಾದದ್ದು. ಹಾಗಿದ್ದರೂ ಕಿಟಕಿ ತೆರೆದಿಟ್ಟು, ಫ್ಯಾನ್ ಹೊರಮುಖವಾಗಿಟ್ಟು ಕೊರೆಯಬೇಕು.

ಹಿಂಭಾಗದ ಮೂರು ತುಂಡು

50 ಎಂ.ಎಂ. ಫೋಮನ್ನು ಪ್ಲೈವುಡ್‌ಗೆ ಅಂಟಿಸಿ ಒಣಗಿಸಿದ ಮೇಲೆಯೇ ಕಂದಕ ತೋಡಬೇಕು. ಎರಡೂ ಕಂದಕಗಳಿಗೆ 40 ಎಂ.ಎಂ. ಆಳ ತೆಗೆದು ತಳದಲ್ಲಿ 10 ಉಳಿಸಿದ್ದೇವೆ. ಹೊರಕಂದಕ ತುಂಡಿನ ಮುಂದಿನ ಅಂಚಿಗೇ ಬರುವುದರಿಂದ ಅಲ್ಲಿ ತೆಳುವಾದ ತುಟಿ ಉಳಿಯುತ್ತದೆ. ಪ್ಲೈವುಡ್ ಅಂಟಿಸುವ ಮೊದಲು ತೋಡಿದರೆ ಆ ತುಟಿ ಎತ್ತುವಾಗಲೇ ಮುರಿಯುತ್ತದೆ. ಮುಂಭಾಗ, ಹಿಂಭಾಗದ ತುಂಡುಗಳ ಕೂಡುಗೆರೆ ಕಂದಕದ ಅಂಚಿನಲ್ಲೇ ಬರುವುದು ಒಂದು ಅನುಕೂಲ: ನದಿಯ ಉದ್ದಕ್ಕೂ ನಡುವೆ ಗೆರೆ ಕಾಣುವುದಿಲ್ಲ. ಒಡಕು ನಡುವಿನ ತುಂಡಿನ ನಡುಮಧ್ಯದಲ್ಲಿದೆ, ಅದರ ಮೇಲೆ ಯಾವ ಕೂಡುಗೆರೆಯೂ ಹಾಯುವುದಿಲ್ಲ.

ಗೋಡೆ 100 ಅಗಲ, 50 ಎತ್ತರದ ಪಟ್ಟಿ. 600 ಉದ್ದದವು ಆರು. ಕಂದಕದ ತಳದಿಂದ ಗೋಡೆಯ ತಲೆಗೆ 90 ಎಂ.ಎಂ. ತಲೆಯ 100 ಎಂ.ಎಂ.ನಲ್ಲಿ ಹೊರಬದಿ 12 ತೆನೆಗೋಡೆಗೆ (ರಕ್ಷಕರ ಮರೆಗೆ ಇರುವ ಗಿಡ್ಡ ಗೋಡೆ), 60 ನಡೆದಾರಿಗೆ, 28 ಒಳ ಇಳಿಜಾರಿಗೆ. ಬೇಸ್ 30ಕ್ಕೆ 20 ಎಂ.ಎಂ. ಇರುವುದರಿಂದ 60ರಲ್ಲಿ ಎರಡು ಬೇಸ್ ಪಕ್ಕಪಕ್ಕ ಹಿಡಿಯುತ್ತವೆ. ಆಟದ ಹೋರಾಟವೆಲ್ಲ ಈ 60 ಎಂ.ಎಂ.ನಲ್ಲಿ ನಡೆಯುವುದರಿಂದ ಇಲ್ಲಿ ಎರಡು ಎಂ.ಎಂ. ಕೂಡ ಕಡಿಮೆ ಮಾಡಬಾರದು. ಪುಟ್ಟಿ, ಬಣ್ಣ ಬಳಿದ ಮೇಲೆ ಒಂದೊಂದು ಎಂ.ಎಂ. ಹೇಗೂ ಹೋಗುತ್ತದೆ; ಕೊರೆಯುವಾಗ 62 ಇಟ್ಟುಕೊಳ್ಳಿ.

ತೆನೆಗೋಡೆಯನ್ನು ಫೋಮಿನಲ್ಲೇ ಕೊರೆದರೆ ಮೊದಲ ಆಟದಲ್ಲೇ ಕೈ ತಾಗಿ ಮುರಿಯುತ್ತದೆ. ಸನ್‌ಬೋರ್ಡ್ ಎರಡು ಪದರ ಸೇರಿಸಿ 10 ಎಂ.ಎಂ. ಮಾಡಿ, 75 ಎಂ.ಎಂ.ಗೊಂದು ಫಿರಂಗಿ ಕಂಡಿ ಕೊರೆದು, ಪುಟ್ಟಿ ಸವರಿದರೆ ವರ್ಷಗಟ್ಟಲೆ ಬಾಳುತ್ತದೆ. ನಡೆದಾರಿಯ ಮೇಲೆ 58 ಎಂ.ಎಂ. ಜಿಐ ತಗಡಿನ ಪಟ್ಟಿ. ಬೇಸ್‌ಗಳ ಅಡಿಗೆ ಹಾಳೆ ಮ್ಯಾಗ್ನೆಟ್ ಅಂಟಿಸಿದರೆ ಮೇಜು ಅಲುಗಿದರೂ ಗೊಂಬೆ ಬೀಳುವುದಿಲ್ಲ. ಗುಂಡಿಯಂಥ ನಿಯೋಡೈಮಿಯಮ್ ಮ್ಯಾಗ್ನೆಟ್ ಬೇಡ, ಒಂದು ಬೇಸ್ ಎತ್ತಿದರೆ ಪಕ್ಕದ್ದೂ ಜಿಗಿದು ಅಂಟಿಕೊಳ್ಳುತ್ತದೆ. ತಗಡಿನ ಅಂಚನ್ನು ಅರದಿಂದ ಉಜ್ಜದೆ ಅಂಟಿಸಬಾರದು. ಆಡುವವರ ಬೆರಳು ಕೊಯ್ಯುತ್ತದೆ.

ಉತ್ತರದ ಗೋಡೆಯ ಮೇಲೆ ಒಡಕಿನಿಂದ 200, 420, 640 ಎಂ.ಎಂ. ದೂರದಲ್ಲಿ ಮೂರು ಅಡ್ಡಗೋಡೆಗಳಿವೆ. ಅಂದು ರಕ್ಷಕರು ಒಂದೊಂದೇ ಅಡ್ಡಗೋಡೆ ಹಿಡಿದು ಹಿಂದೆ ಸರಿಯುತ್ತ ಕಾದಾಡಿದ್ದು ಈ ಬದಿಯಲ್ಲೇ. ಇವುಗಳನ್ನು ತೆಗೆದುಹಾಕಿ ಆಡಿದರೆ ಎಡಪಡೆ ಬಲಪಡೆಯಷ್ಟೇ ಸಲೀಸಾಗಿ ಓಡಿಬಿಡುತ್ತದೆ, ಎರಡು ಬದಿಗೂ ವ್ಯತ್ಯಾಸವೇ ಇರುವುದಿಲ್ಲ.

ಒಡಕು

ಇಳಿಜಾರಿನಲ್ಲಿ ಗೊಂಬೆ ನಿಲ್ಲುವುದಿಲ್ಲ. ಒಡಕನ್ನು ನಯವಾದ ಇಳಿಜಾರಾಗಿ ಮಾಡಿ ಮೇಲೆ ಕಲ್ಲುಪುಡಿ ಅಂಟಿಸಿದರೆ ಚಿತ್ರಕ್ಕೆ ಚೆಂದ, ಆಟಕ್ಕೆ ನಿರುಪಯೋಗಿ. ದಡದ ಮಟ್ಟದಿಂದ ಒಡಕಿನ ತಲೆಗೆ 50 ಎಂ.ಎಂ. ಏರು, ಅದನ್ನು 10 ಎಂ.ಎಂ. ಎತ್ತರ, 22 ಎಂ.ಎಂ. ಆಳದ ಐದು ಮೆಟ್ಟಿಲಾಗಿ ಕೊರೆದಿದ್ದೇವೆ. 22 ಅಂದರೆ ಬೇಸಿನ 20 ಮತ್ತು ಕೂದಲೆಳೆಯ ಸಡಿಲು. ಐದು ಮೆಟ್ಟಿಲಿಗೆ 110 ಎಂ.ಎಂ.: ಹೊರಕಂದಕದ 75 ಪೂರ್ತಿ ಕಲ್ಲುಮಣ್ಣಿನಿಂದ ತುಂಬಿ, ಗೋಡೆಯೊಳಗೆ 35 ನುಗ್ಗುತ್ತದೆ. ಅಗಲ 65, ಎರಡು ಬೇಸ್ ಮಾತ್ರ. ಮೆಟ್ಟಿಲಿನ ಚೂಪು ಅಂಚುಗಳನ್ನು ಬೆರಳಿಂದ ಒತ್ತಿ ಮುರಿದು, ಜಲ್ಲಿಚೂರು, ಮುರಿದ ಸನ್‌ಬೋರ್ಡಿನ ಇಟ್ಟಿಗೆಗಳು, ಎಂ-ಸ್ಯಾಂಡ್ ಸುರಿದು, ಅರ್ಧಕ್ಕರ್ಧ ನೀರು ಬೆರೆಸಿದ ಫೆವಿಕಾಲನ್ನು ಡ್ರಾಪರ್‌ನಲ್ಲಿ ಹನಿಸಬೇಕು. ಕಲ್ಲು ಮೆಟ್ಟಿಲಿನ ಬದಿಗೆ ಹೆಚ್ಚು, ನಡುವೆ ಕಡಿಮೆ.

ಒಡಕಿನ ಹಿಂಬದಿಯನ್ನು ಕಡಿದಾಗಿಯೇ ಬಿಡಬೇಕು. ತಲೆಯಿಂದ ಒಳಕಂದಕದ ತಳಕ್ಕೆ 65 ಎಂ.ಎಂ. ನೇರ ಇಳಿತ. ದಾಳಿಯ ಬದಿಯಿಂದ ನೋಡಿದವರಿಗೆ ಹೊರಗೋಡೆ ಅಡ್ಡ ಬಂದು ಈ ಕಂದಕ ಕಾಣುವುದಿಲ್ಲ. ಮೇಜನ್ನು ಸೊಂಟದ ಎತ್ತರಕ್ಕಿಂತ ಕೆಳಗಿಟ್ಟರೆ ಮಾತ್ರ ಕಂಡುಬಿಡುತ್ತದೆ, ಆದ್ದರಿಂದ ಮೇಜಿನ ಕಾಲಡಿಗೆ ಮರದ ದಿಮ್ಮಿ ಇಟ್ಟು ನೆಲದಿಂದ 900 ಎಂ.ಎಂ.ಗೆ ಏರಿಸುತ್ತೇವೆ.

ಕಾವೇರಿ

ಮೇ ಮೊದಲ ವಾರದ ಕಾವೇರಿ ಹೊಳೆ ತುಂಬಿ ಹರಿಯುವುದಿಲ್ಲ. ಬಂಡೆ, ಮರಳು ದಿಣ್ಣೆ, ನಡುನಡುವೆ ಪಾದ ಮುಳುಗುವ ನೀರು, ಇನ್ನೊಂದೆಡೆ ಎದೆಮಟ್ಟದ ಮಡು. ಮುಂಗಾರು ಹಿಡಿದು ನದಿ ಏರಿದರೆ ಮುತ್ತಿಗೆ ಮುಗಿದಂತೆಯೇ, ಜೊತೆಗೆ ಹ್ಯಾರಿಸ್‌ನ ಉಗ್ರಾಣದಲ್ಲಿ ಧಾನ್ಯವೂ ತೀರುತ್ತ ಬಂದಿತ್ತು. ಅವಸರಕ್ಕೆ ಕಾರಣ ಇವೆರಡು. ಹಾಗಾಗಿ ನದಿಯನ್ನು ನೀಲಿ ಬಳಿದು ಮುಗಿಸಿದರೆ ಕಥೆಯೇ ತಪ್ಪುತ್ತದೆ.

25 ಎಂ.ಎಂ. ಫೋಮಿನಲ್ಲಿ 12 ಎಂ.ಎಂ. ತನಕ ಹರಿವಿನ ದಿಕ್ಕಿಗೆ ತೋಡಿ, ಎಲ್ಲ ಕಡೆ ಪುಟ್ಟಿ ಬೆರೆಸಿದ ಫೆವಿಕಾಲ್ ಸವರಬೇಕು. ಬಂಡೆಗಳಿಗೆ ಮುರಿದ ಫೋಮ್ ತುಂಡೇ ಸಾಕು, ಅಲ್ಯೂಮಿನಿಯಮ್ ಫಾಯಿಲ್ ಉಂಡೆ ಒತ್ತಿದರೆ ಬಂಡೆಯ ತರಿ ಬರುತ್ತದೆ. ನಿಜವಾದ ಕಲ್ಲು ಹಾಕಿದರೆ ಒಂದೊಂದು ತುಂಡು ಎರಡು ಕಿಲೋ ಭಾರವಾಗುತ್ತದೆ. ಮಡುವಿಗೆ ಕಡು ಹಸಿರು ಕಂದು, ತೆಳು ನೀರಿಗೆ ಮರಳಿನ ಬಣ್ಣ, ಒಣ ಮರಳಿಗೆ ಇನ್ನೂ ತಿಳಿ. ಮೇಲೆ ವಾರ್ನಿಷ್ ಐದು ಪದರ, ಪದರಕ್ಕೆ ಅರ್ಧ ದಿನ.

ಎಪಾಕ್ಸಿ ರೆಸಿನ್ ಸುರಿಯುವ ಆಸೆ ಎಲ್ಲರಿಗೂ ಆಗುತ್ತದೆ. ಮನೆಯಲ್ಲಿ ಇಡುವ ಮಾದರಿಗೆ ಅದು ಸರಿ. ಇಲ್ಲಿ ಬೇಡ ಎನ್ನಲು ಮೂರು ಕಾರಣ: ದಪ್ಪ ಸುರಿದರೆ ಗಟ್ಟಿಯಾಗುವ ಬಿಸಿಗೆ ಫೋಮ್ ಕರಗಿ ಗುಳಿ ಬೀಳುತ್ತದೆ, ಸಣ್ಣ ಸಂದಿಯಿದ್ದರೂ ಸೋರಿ ಪ್ಲೈವುಡ್ ಕೆಳಗೆ ಹೋಗುತ್ತದೆ, ತುಂಡುಗಳ ಅಂಚಿನಲ್ಲಿ ಸಾಗಣೆಗೆ ಚಕ್ಕೆ ಏಳುತ್ತದೆ.

ಬಣ್ಣ ಬಳಿಯುವ ಮುನ್ನ ಪ್ಲೈವುಡ್ಡಿನ ಅಡಿಭಾಗಕ್ಕೂ ಒಂದು ಪದರ ಕಪ್ಪು ಎಮಲ್ಷನ್ ಬಳಿಯಲೇಬೇಕು. ಮೇಲಷ್ಟೇ ಬಳಿದರೆ ಒಣಗುವಾಗ ಮೇಲ್ಮೈ ಎಳೆದು ತುಂಡು ದೋಣಿಯಂತೆ ಬಾಗುತ್ತದೆ, ಕೂಡುಗೆರೆಯಲ್ಲಿ 4-5 ಎಂ.ಎಂ. ಸಂದಿ ಬಿಡುತ್ತದೆ. ಬಾಗಿದ್ದನ್ನು ಸರಿಮಾಡಲು ಅಡಿಗೆ ನೀರು ಬೆರೆಸಿದ ಫೆವಿಕಾಲ್ ಬಳಿದು, ಭಾರ ಹೇರಿ ಎರಡು ದಿನ ಬಿಟ್ಟರೆ ಮುಕ್ಕಾಲು ಪಾಲು ಹಿಂದಕ್ಕೆ ಬರುತ್ತದೆ.

73ನೇ ರೆಜಿಮೆಂಟಿನ ಲೆಫ್ಟಿನೆಂಟ್ ಲಾಲರ್ ಹಿಂದಿನ ರಾತ್ರಿಯೇ ನದಿಗಿಳಿದು ದಾಟುವ ಜಾಡು ನೋಡಿ ಕೋಲು ನೆಟ್ಟುಬಂದಿದ್ದ. ಮೇಜಿನ ಮೇಲೆ ಆ ಕೋಲುಗಳು ಎಂಟು, 120 ಎಂ.ಎಂ. ಅಗಲದ ಜಾಡಿಗೆ. ಜಾಡಿನೊಳಗೆ ಸರದಿಗೆ 160 ಎಂ.ಎಂ. ನಡಿಗೆ. ಹೊರಗೆ ಹೋದರೆ ದಾಳ: 1 ಅಥವಾ 2 ಬಿದ್ದರೆ ಮಡು, ಆ ಬೇಸ್ ನಿಂತಲ್ಲೇ. ದಾಳಿಯ ಇಬ್ಬರು ಆಟಗಾರರೂ ಒಂದೇ ಜಾಡಿಗೆ ನುಗ್ಗಿ ಒಬ್ಬರ ಹಿಂದೊಬ್ಬರು ಸಿಕ್ಕಿಬೀಳುವುದು ಸಾಮಾನ್ಯ. ಅದನ್ನು ತಪ್ಪಿಸಲು ನಿಯಮ ಸೇರಿಸಬೇಡಿ. ಸಿಕ್ಕಿಬೀಳಲಿ.

ಪಡೆಗಳು

ಒಂದು ಗೊಂಬೆಗೆ 20 ಜನ, ಬೇಸಿಗೆ ನಾಲ್ಕು ಗೊಂಬೆ. ಲಗ್ಗೆಗೆ ಹೊರಟವರು ಸುಮಾರು 4,400, ಅರ್ಧಕ್ಕಿಂತ ಹೆಚ್ಚು ಐರೋಪ್ಯರು. ಅಂದರೆ 55 ಬೇಸ್, 220 ಗೊಂಬೆ. ಇಡೀ ಲಗ್ಗೆಯ ನಾಯಕ ಡೇವಿಡ್ ಬೇರ್ಡ್, 1780ರ ಪೊಳ್ಳಿಲೂರು ಯುದ್ಧದ ನಂತರ ಇದೇ ಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದವನು. ಎಡಪಡೆ ಡನ್‌ಲಪ್‌ನದು, 12ನೇ ಮತ್ತು 33ನೇ ರೆಜಿಮೆಂಟ್ ಅದರಲ್ಲಿ. ಬಲಪಡೆ ಶೆರ್‌ಬ್ರೂಕ್‌ನದು, 73 ಮತ್ತು 74 ಅದರಲ್ಲಿ. ಎರಡಕ್ಕೂ ಸಿಪಾಯಿ ಕಂಪನಿಗಳ ಬೆಂಬಲ. ಎರಡರ ಮುಂದೆಯೂ ಒಬ್ಬ ಸಾರ್ಜೆಂಟ್ ಮತ್ತು ಕೆಲವೇ ಸ್ವಯಂಸೇವಕರ ಮುಂಚೂಣಿ; ಈ ಅಳತೆಗೆ ಅದು ಒಂದು ಗೊಂಬೆಯೂ ಆಗುವುದಿಲ್ಲ, ಆದರೂ ಎರಡು ಗೊಂಬೆಯ ಪ್ರತ್ಯೇಕ ಬೇಸ್ ಮಾಡಿದ್ದೇವೆ. ಆರ್ಥರ್ ವೆಲ್ಲೆಸ್ಲಿ ಎಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆತ ಅಂದು ಟ್ರೆಂಚಿನಲ್ಲಿ ಮೀಸಲು ಪಡೆಯ ಜೊತೆ ಇದ್ದ.

ಕೋಟಿನ ಕಾಲರು, ತೋಳಂಚಿನ ಬಣ್ಣ ನೋಡಿಕೊಳ್ಳಿ: 12ಕ್ಕೆ ಹಳದಿ, 33ಕ್ಕೆ ಕೆಂಪು, 73ಕ್ಕೆ ಕಡು ಹಸಿರು, 74ಕ್ಕೆ ಬಿಳಿ. ಕೊನೆಯ ಎರಡು ಸ್ಕಾಟಿಷ್ ಪಡೆಗಳಾದರೂ ಇಲ್ಲಿನ ಬಿಸಿಲಿಗೆ ಕಿಲ್ಟ್ ಬದಲು ಬಿಳಿ ಪ್ಯಾಂಟು, ದುಂಡು ಟೋಪಿ.

ಮೈಸೂರಿನ ಪಡೆಗೆ 40 ಬೇಸ್: ಒಡಕಿನಲ್ಲಿ 8, ಉತ್ತರದ ಗೋಡೆಗೆ 10, ದಕ್ಷಿಣಕ್ಕೆ 8, ಒಳಗೆ ಮೀಸಲು 14. ಫಿರಂಗಿ ಎಂಟು, ರಾಕೆಟ್ ಬೇಸ್ ನಾಲ್ಕು. ಟಿಪ್ಪುವಿನ ಕಾಲಾಳುಗಳ ಅಂಗಿ ನೇರಳೆ ಬಣ್ಣದ್ದು, ಮೇಲೆ ಬಿಳಿ ವಜ್ರಾಕಾರದ ಚುಕ್ಕಿ. ಹುಲಿಪಟ್ಟೆಯೆಂದು ಕಿತ್ತಳೆ, ಕಪ್ಪು ಗೆರೆ ಎಳೆಯುವುದು ತಪ್ಪು. 15 ಎಂ.ಎಂ.ನಲ್ಲಿ ಎದೆಗೆ ಐದು, ಬೆನ್ನಿಗೆ ಐದು ಚುಕ್ಕಿ ಸಾಕು; ಸೂಜಿ ತುದಿಯಿಂದ ಇಡಿ, ಬ್ರಷ್‌ನಿಂದಲ್ಲ. ದರಿಯಾ ದೌಲತ್‌ನ ಗೋಡೆಚಿತ್ರ ನೋಡಿ ಬಣ್ಣ ಹಾಕುವವರಿಗೆ ಒಂದು ಎಚ್ಚರಿಕೆ: ಅದರಲ್ಲಿರುವುದು 1780ರ ಪೊಳ್ಳಿಲೂರು, 1799 ಅಲ್ಲ.

ರಾಕೆಟ್‌ಗೆ ಅಳತೆ ಕಣ್ಣೆದುರೇ ಇದೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆ ಹೊರಬಂದವು, ಉದ್ದ 23ರಿಂದ 26 ಸೆಂ.ಮೀ. ನೂರಕ್ಕೊಂದು ಅಳತೆಯಲ್ಲಿ ಅದು ಎರಡೂವರೆ ಎಂ.ಎಂ. ಅರ್ಧ ಎಂ.ಎಂ. ತಾಮ್ರದ ತಂತಿಯ ತುಂಡು ಕೊಳವೆಗೆ, ತೆಂಗಿನ ಗರಿಯ ಕಡ್ಡಿಯನ್ನು ಬ್ಲೇಡಿನಿಂದ ಸೀಳಿ ತೆಗೆದ ಎಳೆ, ಕೊಳವೆಗೆ ಕಟ್ಟುತ್ತಿದ್ದ ಬಿದಿರಿನ ಕೋಲಿಗೆ. ಹಾರುತ್ತಿರುವ ರಾಕೆಟ್‌ಗೆ ತಂತಿಯ ಮೇಲೆ ಹತ್ತಿ ಸುತ್ತಿ ಹೊಗೆ.

ಆಟ

ಒಟ್ಟು ಹನ್ನೊಂದು ಸರದಿ, ಆರು ಜನ. ಮೊದಲ ನಾಲ್ಕು ಸರದಿ ನದಿ ದಾಟಲು, ಒಂದೊಂದು ನಿಜದ ಎರಡು ನಿಮಿಷ. ಒಂದೊಂದನ್ನೂ ಗಡಿಯಾರದಲ್ಲಿ ಎಂಟು ನಿಮಿಷಕ್ಕೆ ಮುಗಿಸಬೇಕು. ಉಳಿದ ಏಳು ಒಂದೊಂದು ನಿಜದ ಹತ್ತು ನಿಮಿಷ, ಗಡಿಯಾರದಲ್ಲಿ ಹದಿನೇಳು. ಕಾಲದ ಅಳತೆ ನಡುವೆ ಬದಲಾಗುವುದು ವಿಚಿತ್ರವೆನಿಸಬಹುದು, ಆದರೆ ಒಂದೇ ಅಳತೆ ಹಿಡಿದರೆ ನದಿಯಲ್ಲೇ ಅರ್ಧ ಆಟ ಮುಗಿಯುತ್ತದೆ ಅಥವಾ ಗೋಡೆಯ ಮೇಲಿನ ಕಾದಾಟ ಮೂವತ್ತು ಸರದಿ ಎಳೆಯುತ್ತದೆ.

ಗುಂಡು ಹಾರಿಸಲು ಬೇಸಿಗೊಂದು ದಾಳ, 150 ಎಂ.ಎಂ. ದೂರ, 5, 6 ಬಿದ್ದರೆ ಪೆಟ್ಟು, ತೆನೆಯ ಮರೆಯಲ್ಲಿದ್ದವರಿಗೆ 6 ಮಾತ್ರ. ಪೆಟ್ಟಿಗೊಂದು ಕೆಂಪು ಮಣಿ, ಎರಡು ಮಣಿಗೆ ಬೇಸ್ ಹೊರಗೆ. ಕೈಕೈ ಕಾದಾಟದಲ್ಲಿ ಎದುರುಬದುರಿನ ಎರಡು ಬೇಸ್ ಎರಡೆರಡು ದಾಳ, ಹಿಂದಿನ ಪ್ರತಿ ಎರಡು ಬೇಸಿಗೆ ಒಂದು ದಾಳ ಹೆಚ್ಚುವರಿ. ಸೋತವರು 100 ಎಂ.ಎಂ. ಹಿಂದಕ್ಕೆ. ದಡದಾಚೆಯ ಬ್ರಿಟಿಷ್ ಫಿರಂಗಿಗಳು ಸರದಿಗೆ ಆರು ದಾಳ ಕೊಡುತ್ತವೆ, ತಮ್ಮವರು ಒಡಕಿನಿಂದ 100 ಎಂ.ಎಂ. ಒಳಗೆ ಬಂದ ಕೂಡಲೇ ನಿಲ್ಲುತ್ತವೆ.

ರಾಕೆಟ್ 300 ಎಂ.ಎಂ. ನೇರ ಹೋಗಿ, ಅಲ್ಲಿ ದಾಳ: 1-2 ಎಡಕ್ಕೆ, 3-4 ನೇರ, 5-6 ಬಲಕ್ಕೆ, ಇನ್ನೊಂದು 300. ಬಿದ್ದ ಕಡೆ 50 ಎಂ.ಎಂ. ವ್ಯಾಸದ ತಟ್ಟೆಯೊಳಗಿನ ಬೇಸ್‌ಗಳು ಆ ಸರದಿ ಅರ್ಧ ನಡಿಗೆ. ಕೊಲ್ಲುವುದಕ್ಕಿಂತ ಸಾಲು ಕದಡುವುದು ಅದರ ಕೆಲಸ. ಮೇ 2ರಂದು ಕೋಟೆಯೊಳಗೆ ರಾಕೆಟ್ ದಾಸ್ತಾನೊಂದು ಗುಂಡು ತಗುಲಿ ಸಿಡಿದಿತ್ತು, ಆದ್ದರಿಂದ ನಾಲ್ಕೂ ರಾಕೆಟ್ ಬೇಸಿಗೆ ತಲಾ ಮೂರು ಹಾರಿಸುವಷ್ಟೇ ಸರಕು.

ಮೊದಲ ನಾಲ್ಕು ಸರದಿ ಒಳಗೋಡೆಯ ರಕ್ಷಕ ಆಟಗಾರನಿಗೆ ಕೆಲಸವೇ ಇರುವುದಿಲ್ಲ. ಮುತ್ತಿಗೆ ಆಟಗಳು ಮೇಳದಲ್ಲಿ ಸೊರಗುವುದು ಬಹುಪಾಲು ಇಲ್ಲಿಯೇ: ಅರ್ಧ ಗಂಟೆ ಸುಮ್ಮನೆ ನಿಂತವರು ಫೋನ್ ತೆಗೆಯುತ್ತಾರೆ. ನಮ್ಮ ಪರಿಹಾರ ಹೀಗಿದೆ. ಒಳಕಂದಕದ ಮೇಲೆ ಐದು ಜಾಗಗಳಿಗೆ ಐದು ಚೀಟಿ ಕವುಚಿಡಬೇಕು. ಎರಡರಲ್ಲಿ ದಾಟುವ ದಾರಿ, ಮೂರು ಖಾಲಿ. ಅಂದು ಕೆಲಸದವರು ಬಳಸುತ್ತಿದ್ದ ಅಟ್ಟಣಿಗೆಯೇ ದಾಟಲು ನೆರವಾಯಿತೆಂಬ ವಿವರಣೆಯಿಂದ ಬಂದ ನಿಯಮ ಇದು. ಒಳಗೋಡೆಯ ಆಟಗಾರ ಸರದಿಗೆ ಒಂದು ಚೀಟಿ ನೋಡಬಹುದು, ಇಲ್ಲವೇ ಎರಡರ ಸ್ಥಾನ ಅದಲುಬದಲು ಮಾಡಬಹುದು, ಇಲ್ಲವೇ ಮೀಸಲಿನ ನಾಲ್ಕು ಬೇಸ್ ಸಾಗಿಸಬಹುದು. ಮೂರರಲ್ಲಿ ಒಂದೇ. ಮೇಜಿನ ಅತಿ ಬಿಗಿಯಾದ ಯೋಚನೆ ಅವರದ್ದಾಗುತ್ತದೆ.

ದಾಳಿಯವರು ಹೊರಗೋಡೆ ಹತ್ತಿದ ಮೇಲೆ ಚೀಟಿಯ ಪಕ್ಕ ಬೇಸ್ ತಂದರೆ ಅದನ್ನು ತಿರುವಬಹುದು. ದಾರಿ ಸಿಕ್ಕರೆ ನಾಲ್ಕು ಬೇಸ್ ದಾಟಿ ಒಳಗೋಡೆ ಹಿಡಿಯಬಹುದು, ಅಲ್ಲಿಂದ ಹೊರಗೋಡೆಯ ರಕ್ಷಕರ ಪಕ್ಕೆಗೆ ಗುಂಡು ಹಾರಿಸಬಹುದು. ಆಗ ಅಡ್ಡಗೋಡೆಯ ಮರೆ ಕೆಲಸಕ್ಕೆ ಬರುವುದಿಲ್ಲ. 12ನೇ ರೆಜಿಮೆಂಟಿನವರು ಅಂದು ಮಾಡಿದ್ದು ಇದನ್ನೇ. ಎದುರಿನಿಂದಷ್ಟೇ ತಳ್ಳುವ ಎಡಪಡೆ ಹನ್ನೊಂದನೇ ಸರದಿಗೂ ಮೂರನೇ ಅಡ್ಡಗೋಡೆ ದಾಟುವುದು ಅಪರೂಪ.

ಟಿಪ್ಪುವಿನ ಸೇನಾನಿ ಸಯ್ಯದ್ ಗಫಾರ್ ಅಂದು ಲಗ್ಗೆಗೆ ಮುಂಚೆಯೇ ಗುಂಡಿಗೆ ಬಲಿಯಾಗಿದ್ದ. ಹಾಗಾಗಿ ಒಡಕಿನ ರಕ್ಷಕರಿಗೆ ನಾಯಕನಿಲ್ಲ, ಕಾದಾಟದಲ್ಲಿ ಒಂದು ದಾಳ ಕಡಿಮೆ. ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್ ಸಂಬಳದ ನೆಪದಲ್ಲಿ ಕಾವಲು ಪಡೆಯನ್ನು ಹಿಂದಕ್ಕೆ ಕರೆಸಿದನೆಂಬ ಮಾತನ್ನು ನಿಯಮವಾಗಿಸಿಲ್ಲ. ಆರಂಭದಲ್ಲಿ ದಾಳ ಎಸೆದು, 1-3 ಬಿದ್ದರೆ ಒಡಕಿನ ಎಂಟರಲ್ಲಿ ಮೂರು ಬೇಸ್ ಮೀಸಲಿನಲ್ಲಿ ಆರಂಭಿಸುತ್ತವೆ, ಕಾರಣ ಹೇಳುವುದಿಲ್ಲ.

ಟಿಪ್ಪು ಮೇಜಿನ ಮೇಲೆ ಉತ್ತರದ ಗೋಡೆಯ ಸೇನಾನಿ. ಆತನಿರುವ ಕಡೆ ರಕ್ಷಕರಿಗೆ ಒಂದು ದಾಳ ಹೆಚ್ಚು, ಅಷ್ಟೇ. ಆತನ ಸಾವಿಗೆ ಅಂಕ ಇಟ್ಟರೆ ಎಲ್ಲರೂ ಆ ಒಂದು ಗೊಂಬೆಯ ಹಿಂದೆ ಬೀಳುತ್ತಾರೆ, ಮುತ್ತಿಗೆ ಬೇಟೆಯಾಗುತ್ತದೆ. ಲೂಟಿಗೂ ಅಂಕವಿಲ್ಲ. ಆ ದಿನ ಕೋಟೆಯೊಳಗೆ ಸಾವಿರಾರು ಜನ ಸತ್ತರು, ಪಟ್ಟಣ ಸೂರೆಯಾಯಿತು. ಇದನ್ನು ಆಟದ ಮೊದಲೇ ಎರಡು ಸಾಲಿನಲ್ಲಿ ಹೇಳಬೇಕು.

ಗೆಲುವಿನ ಲೆಕ್ಕ ಸರಳ. ಹನ್ನೊಂದನೇ ಸರದಿಗೆ ಎರಡೂ ಪಡೆ ತಮ್ಮ ಬದಿಯ ಗೋಡೆಯ ಕೊನೆ ಮುಟ್ಟಿದರೆ ದಾಳಿಯವರದ್ದು, ಒಂದೇ ಮುಟ್ಟಿದರೆ ಸಮ, ಯಾವುದೂ ಮುಟ್ಟದಿದ್ದರೆ ಕೋಟೆಯವರದ್ದು.

ಮೇಳದ ದಿನ

ತುಂಡುಗಳನ್ನು ನಿಲ್ಲಿಸಿ ಸಾಗಿಸಬೇಕು, ಒಂದರ ಮೇಲೊಂದು ಹೇರಿದರೆ ತೆನೆ ಒತ್ತಿ ಹೋಗುತ್ತದೆ. ಎರಡು ತುಂಡಿನ ನಡುವೆ ಹಳೆ ಬೆಡ್‌ಶೀಟ್. ಗೊಂಬೆಗಳಿಗೆ ಅಡಿಯಲ್ಲಿ ಜಿಐ ತಗಡು ಹಾಸಿದ ಪ್ಲಾಸ್ಟಿಕ್ ಡಬ್ಬಿ. ಎರಡು ಬಾಡಿಗೆ ಮೇಜು ಒಂದೇ ಎತ್ತರ ಇರುವುದು ವಿರಳ. ರಟ್ಟಿನ ತುಂಡು, ಸ್ಪಿರಿಟ್ ಲೆವೆಲ್ ಕೈಯಲ್ಲಿರಲಿ. ತುಂಡುಗಳನ್ನು ಮೇಜಿನ ಅಡಿಯಿಂದ ಜಿ ಕ್ಲಾಂಪ್ ಹಾಕಿ ಹಿಡಿಸಿ. ಉಳಿದ ಸಂದಿಗೆ ಎಂ-ಸ್ಯಾಂಡ್ ಉದುರಿಸಿ, ಅಂಟು ಬೇಡ, ಕೊನೆಗೆ ಗುಡಿಸಿ ತೆಗೆಯಬೇಕು.

ಆಟಗಾರರಿಗೆ ಎ5 ಅಳತೆಯ ಒಂದೇ ಹಾಳೆ, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಸಭಾಂಗಣದ ಗದ್ದಲದಲ್ಲಿ ಸರದಿ ಸಂಖ್ಯೆ ಕೂಗಿದರೆ ಕೇಳುವುದಿಲ್ಲ. ದೊಡ್ಡ ಅಂಕಿಯ ತಿರುವುಪಟ್ಟಿ ಬೇಕು. ದುರಸ್ತಿ ಡಬ್ಬಿಯಲ್ಲಿ ಸೂಪರ್‌ಗ್ಲೂ (ಗೊಂಬೆಗೆ ಮಾತ್ರ, ಬರಿ ಫೋಮಿಗೆ ತಾಗಿಸಬಾರದು), ಸಣ್ಣ ಫೆವಿಕಾಲ್, ಗೋಡೆಯ ಬೂದು ಬಣ್ಣ ಒಂದು ಶೀಶೆ, ಎರಡು ಬಿಡಿ ತೆನೆಪಟ್ಟಿ, ಇಪ್ಪತ್ತು ಕೆಂಪು ಮಣಿ. ಮಣಿಗಳು ಒಳಕಂದಕಕ್ಕೆ ಉರುಳಿ ಬೀಳುತ್ತಲೇ ಇರುತ್ತವೆ. ತೆಗೆಯಲು ಉದ್ದ ಚಿಮುಟ ಒಂದಿರಲಿ.